ಶ್ರಾವಣದ ನಡುಕ

ನಮ್ಮ ಮಾವ ಕುಡುಕರಲ್ಲ ಎಂದು ವಾದಿಸಿ ಗೆದ್ದವಳು ನಾನೇ. ಅದೂ ಒಂದು ಸಲವಲ್ಲ.

ಮಾವ ಎಂದರೆ ಅಮ್ಮನ ಅಣ್ಣ, ಗದಗಿನಲ್ಲಿ ಹೆಸರು ಮಾಡಿದ ವಕೀಲರು. ಕಾಲೇಜಿಗೆಂದು ನಾನು ಊರಿಗಂಟಿದ ಬೆಟಗೇರಿಯ ಅವರ ಮನೆಯಲ್ಲೇ ಇದ್ದೆ. ಚರ್ಚಾ ಸ್ಪರ್ಧೆಗಳಿಗೆ ನನ್ನನ್ನು ತಯಾರು ಮಾಡಿದವರೂ ಅವರೇ. ಕಲಿತ ವಿದ್ಯೆಯನ್ನೆಲ್ಲ ಅವರ ಪರವಾಗಿಯೇ ಖರ್ಚು ಮಾಡಿದೆ. ಕುಡುಕ ಎಂದರೆ ನನ್ನ ಪ್ರಕಾರ ಬಸ್ ಸ್ಟ್ಯಾಂಡಿನ ಹಿಂದೆ ಒಂದೇ ಚಪ್ಪಲಿಯಲ್ಲಿ ಮಲಗಿದವನು. ಮಾವನ ಎರಡೂ ಬೂಟು ಸದಾ ಫಳಫಳ. ಲಕ್ಷ್ಮೇಶ್ವರವಿರಲಿ, ಶಿರಹಟ್ಟಿ, ಮುಂಡರಗಿಯಿರಲಿ, ಕೋರ್ಟಿನ ಒಂದು ತಾರೀಖೂ ತಪ್ಪಿಸಿದವರಲ್ಲ. ಸಂಜೆ 'ದಣಿವಿಗೆ ಒಂದಿಷ್ಟು' ತೆಗೆದುಕೊಳ್ಳುವುದು ಎಲ್ಲರಿಗೂ ಗೊತ್ತಿತ್ತು. ಶ್ರಾವಣ ಬಂದರೆ ಅದನ್ನೂ ತಿಂಗಳಿಡೀ ಬಿಟ್ಟು ಒಪ್ಪತ್ತು ಮಾಡುತ್ತಿದ್ದರು. ತಿಂಗಳು ಬಿಡಬಲ್ಲವನು ಕುಡುಕ ಹೇಗಾದಾನು? ಈ ಪ್ರಶ್ನೆಗೆ ಎದುರಾಳಿಗಳು ಮಾತು ಬದಲಿಸುತ್ತಿದ್ದರು.

ಹೋದ ಶ್ರಾವಣದ ಮೂರನೆಯ ದಿನ ಮಾವ ಆರತಿ ಎತ್ತಿದಾಗ ತಟ್ಟೆಯಲ್ಲಿದ್ದ ಕುಂಕುಮದ ಬಟ್ಟಲು ಕಟಕಟ ಅನ್ನತೊಡಗಿತು. ಗಂಟೆ ಬಾರಿಸುವ ಅಗತ್ಯವೇ ಇರಲಿಲ್ಲ. ಹಣೆಯಲ್ಲಿ ಬೆವರು. ಪಕ್ಕದ ಮನೆಯ ಅಜ್ಜಿ ಕಣ್ಣು ತುಂಬಿಕೊಂಡರು.

"ಎಂಥಾ ಕಡಕ್ ಉಪವಾಸ ನೋಡ್ರಿ! ಮೈಯೆಲ್ಲಾ ನಡಗಾಕ ಹತ್ತೇತಿ!"

ಎಂದವರೇ ಮಾವನ ಕಾಲಿಗೆ ಬಿದ್ದರು. ದೇವರಿಗೆ ಸಿಗಬೇಕಾದ ನಮಸ್ಕಾರ ವಕೀಲರಿಗೆ ಹೋಯಿತು.

ನಾನು ನಾಸ್ತಿಕಳು, ತಡೆಯಲಾಗಲಿಲ್ಲ. ಅಂದು ಮುಂಡರಗಿ ಕೋರ್ಟಿಗೆ ಹೊರಟಿದ್ದ ಮಾವನ ಕಾರಿನಲ್ಲಿ ಕೂತು, ಉಪವಾಸ ಎಂಬ ಮೂಢನಂಬಿಕೆಯ ವಿರುದ್ಧ ಭಾಷಣ ಶುರು ಮಾಡಿದೆ. ಸ್ಟೇರಿಂಗ್ ಮೇಲಿನ ನಡುಗುವ ಕೈಗಳೇ ನನ್ನ ಪುರಾವೆ. ಡಂಬಳ ದಾಟುವಷ್ಟರಲ್ಲಿ ಮಾವ ಸೋತರು.

"ಆತವ್ವಾ, ನೀ ಗೆದ್ದಿ. ಇವತ್ತ ಹೊಟ್ಟಿಗೆ ಹಾಕ್ಕೋತೀನಿ."

ಮುಂಡರಗಿಯಲ್ಲಿ ನನಗೊಂದು ಪ್ಲೇಟ್ ಗಿರ್ಮಿಟ್ ಕೊಡಿಸಿ, "ಒಳಗ ಕೇಸಿನ ಪಾರ್ಟಿ ಕುಂತಾರ, ಅವರ ಜೋಡಿನ ಉಪ್ಪಿಟ್ಟು ತಿಂದು ಬರ್ತೀನಿ" ಎಂದು ಹೋಟೆಲಿನ ಒಳಕೋಣೆಗೆ ಹೋದರು. ಅರ್ಧ ಗಂಟೆಗೆ ಬಂದಾಗ ಕೈ ಕಲ್ಲಿನಂತೆ ನಿಂತಿತ್ತು. ಕೋರ್ಟಿನಲ್ಲಿ ಎದುರು ವಕೀಲನನ್ನು ಹಿಂಡಿ ಹಿಪ್ಪೆ ಮಾಡಿದರು. ವಿಜ್ಞಾನ ಗೆದ್ದಿತೆಂದು ನಾನು ಉಬ್ಬಿದೆ.

ಮನೆಗೆ ಬಂದು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆಗೆ ವರದಿ ಒಪ್ಪಿಸಿದೆ.

"ಉಪ್ಪಿಟ್ಟು ತಿಂದ್ರ ಬಾಯಾಗ ಯಾಲಕ್ಕಿ ವಾಸನಿ ಬರ್ತೈತೇನ?" ಎಂದರು ಅತ್ತೆ.

"ಅದಕ್ಕೂ ಇದಕ್ಕೂ ಏನ್ ಸಂಬಂಧ ಅತ್ತಿ?"

"ನಾನೂ ಒಪ್ಪತ್ತ ಮಾಡೇನಿ. ಅದೇ ಮೂರು ದಿನ. ನನ್ನ ಕೈ ನೋಡು."

ಹಿಟ್ಟು ಹತ್ತಿದ ಅಂಗೈ ಮೇಲೆ ಹಸಿ ರೊಟ್ಟಿ. ಒಂದಿಷ್ಟೂ ಅಲುಗಲಿಲ್ಲ. ಐದು ಜಿಲ್ಲೆಗಳ ಚರ್ಚಾ ಕಪ್ಪು ಗೆದ್ದ ನಾನು ಆ ರೊಟ್ಟಿಗೆ ಸೋತೆ. ಒಂದೇ ಉಪವಾಸ, ಎರಡು ಜೋಡಿ ಕೈ. ಇಷ್ಟು ಸರಳ ಹೋಲಿಕೆ ನನಗೆ ಹೊಳೆದೇ ಇರಲಿಲ್ಲ.

ಅತ್ತೆ ರೊಟ್ಟಿಯನ್ನು ಹಂಚಿಗೆ ಹಾಕಿ ಉಳಿದದ್ದನ್ನು ಹೇಳಿದರು. ಪ್ರತಿ ಶ್ರಾವಣವೂ ಮೂರ್ನಾಲ್ಕು ದಿನ ನಡುಕ, ಆಮೇಲೆ ಒಂದು ತಾರೀಖಿನ ನೆಪದಲ್ಲಿ ಹೊರಗೆ ಕುಡಿತ, ವಾಸನೆ ಮುಚ್ಚಲು ಬಾಯಲ್ಲಿ ಯಾಲಕ್ಕಿ. ಅದರ ಹಿಂದಿನ ವರ್ಷ ಮಾತ್ರ ಮೂರನೆಯ ದಿನ ಬಚ್ಚಲಲ್ಲಿ ಬಿದ್ದು ಕೈಕಾಲು ಸೆಟೆದುಕೊಂಡಿದ್ದರು. "ಡಾಕ್ಟರ್ ಮುಂದ ಉಪವಾಸ ಅಂದ್ವಿ. ಗ್ಲೂಕೋಸ್ ಏರಿಸಿ ಕಳಿಸಿದ್ರು. ಇನ್ನೊಮ್ಮೆ ಬಿದ್ರ ಏಳ್ತಾರೋ ಇಲ್ಲೋ."

ಆ ಸಂಜೆಯೇ ಇಬ್ಬರೂ ಮಾವನ ಎದುರು ಕೂತೆವು. ಮಾವ ನಕ್ಕರು.

"ಲೇ, ಕುಡುಕ ಇದ್ರ ತಿಂಗಳಗಟ್ಟಲೆ ಬಿಡಾಕ ಆಗ್ತಿತ್ತೇನ?"

ಅದು ನನ್ನದೇ ವಾದ. ನನ್ನ ಬಾಯಲ್ಲಿ ಎಷ್ಟು ಚೆಂದವಾಗಿ ಕೇಳುತ್ತಿತ್ತು!

"ಇವತ್ತ ಬಿಟ್ಟಿದ್ರೇನ್ರಿ?" ಎಂದರು ಅತ್ತೆ.

"ಇವಳ ಸಾಕ್ಷಿ ಅದಾಳ. ಉಪ್ಪಿಟ್ಟು ತಿಂದೇನಿ. ಹೇಳವಾ."

ನನಗೆ ವಾದ ಮಾಡಲು ಕಲಿಸಿದ ಮನುಷ್ಯ ಕಣ್ಣಲ್ಲೇ ಬೇಡುತ್ತಿದ್ದರು. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಬಹುಶಃ ಅವರೂ.

"ನೀವು ತಿಂದದ್ದ ನಾ ನೋಡಿಲ್ಲ ಮಾಮಾ," ಎಂದೆ. "ಒಳಗ ಹೋಗಿದ್ದ ನೋಡೇನಿ, ಹೊರಗ ಬಂದಿದ್ದ ನೋಡೇನಿ."

ಮಾವ ಕೊನೆಗೆ ಡಾಕ್ಟರ ಬಳಿ ಬರುತ್ತೇನೆಂದು ಒಪ್ಪಿದರು, ಆದರೆ ಗದಗಿನಲ್ಲಿ ಬೇಡವಂತೆ, ಗುರುತಿನವರು ಜಾಸ್ತಿ. ಲಕ್ಷ್ಮೇಶ್ವರದಲ್ಲಿ ಅವರ ಪಕ್ಷಗಾರರು, ಶಿರಹಟ್ಟಿಯಲ್ಲಿ ಅತ್ತೆಯ ತವರಿನವರು, ಮುಂಡರಗಿಯಲ್ಲಂತೂ ಆ ಹೋಟೆಲಿನವರು. ಹೀಗೆ ಇಡೀ ಜಿಲ್ಲೆಯನ್ನು ಹೊಡೆದುಹಾಕಿದ ಮೇಲೆ, ನಾನು ಕಾರು ಓಡಿಸಿ ಗದಗಿನ ಆಸ್ಪತ್ರೆಗೇ ಕರೆದೊಯ್ದೆ.

"ಕಡೀಕ ಕುಡದದ್ದು ಯಾವಾಗರಿ?" ಎಂದು ಡಾಕ್ಟರು ಕೇಳಿದರು.

"ಇವತ್ತ ಮುಂಜಾನೆ. ಕೋರ್ಟಿಗೆ ಹೋಗೂ ಮದಲ," ಎಂದರು ಮಾವ.

ಡಾಕ್ಟರು ಎಲ್ಲ ಕೇಳಿಸಿಕೊಂಡರು. "ಹಿಂಗ ಒಮ್ಮಿಗೇ ಬಿಡಬ್ಯಾಡ್ರಿ ಸರ, ಜೀವಕ್ಕ ಅಪಾಯ."

ಮಾವ ಥಟ್ಟನೆ ನಮ್ಮತ್ತ ತಿರುಗಿದರು. ಮುಖದಲ್ಲಿ ಕೇಸು ಗೆದ್ದ ಕಳೆ. "ಕೇಳಿದ್ರಿಲ್ಲ? ಡಾಕ್ಟರ ಬಿಡಬ್ಯಾಡ ಅಂತಾರ!"

"ಮನ್ಯಾಗ ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ ಅಂದೆ. ಇಲ್ಲೇ ಉಳೀರಿ, ಔಷಧ ಕೊಟ್ಟು ಬಿಡಸ್ತೀವಿ."

ಮಾವ ಬಾಯಿ ತೆರೆದರು. ಅತ್ತೆ ಅವರತ್ತ ನೋಡಲೂ ಇಲ್ಲ. ಮನೆಯಿಂದ ತಂದಿದ್ದ ಕೈಚೀಲ ಬಿಚ್ಚಿ ಎರಡು ಲುಂಗಿ, ಟವೆಲ್ಲು, ಹಲ್ಲುಜ್ಜುವ ಬ್ರಷ್ಷು ಒಂದೊಂದಾಗಿ ತೆಗೆದು ಡಾಕ್ಟರ ಮೇಜಿನ ಮೇಲೆ ಇಟ್ಟರು.