ಕಟ್ಟಿದ ಜಾಗದ ಕೆಳಗೆ

ನನ್ನ ಸೋದರಮಾವನ ಹೆಬ್ಬೆರಳು ಸವೆದು ನುಣ್ಣಗಾಗಿತ್ತು. ಹೊಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಹೋದಾಗ ಕಚೇರಿಯ ಗುಮಾಸ್ತ ಮೂರು ಸಲ ಮಸಿ ಹಚ್ಚಿದರೂ ಕಾಗದದ ಮೇಲೆ ಬರೀ ಕರಿ ಮಚ್ಚೆ ಮೂಡಿತಂತೆ. “ಏನ್ರಿ ಯಜಮಾನ್ರ, ಗೆರಿ ಎಲ್ಲಿ ಬಿಟ್ಟು ಬಂದೀರಿ?” ಎಂದು ಆತ ಕೇಳಿದ್ದಕ್ಕೆ ಮಾವ ನಗದೆ, “ಪೈಪಿನ ಕೆಳಗ” ಎಂದಿದ್ದರಂತೆ.

ದೂರದ ಊರೊಂದರಲ್ಲಿ ವಿಮಾನ ಹಾರಿಸಲು ಕಲಿಸುವ ಶಾಲೆಯಿತ್ತು. ಅಲ್ಲಿಯ ಸಣ್ಣ ವಿಮಾನಗಳ ಎಂಜಿನ್ ಮೆಕ್ಯಾನಿಕ್ ಆಗಿದ್ದ ಮಾವ ನಡುವಯಸ್ಸಿಗೇ ಕೆಲಸ ಬಿಟ್ಟು ತೊಂಬತ್ತರ ದಶಕದ ಮೊದಲಲ್ಲಿ ಹರಪನಹಳ್ಳಿಗೆ ವಾಪಸು ಬಂದರು. ಕೊಟ್ಟೂರು ರಸ್ತೆಯಲ್ಲಿ, ನಮ್ಮ ಮನೆಯ ಮಗ್ಗುಲಿಗೇ, ತಗಡಿನ ಶೆಡ್ ಹಾಕಿ ಟ್ರ್ಯಾಕ್ಟರ್, ಜೀಪು ರಿಪೇರಿಗೆ ಕೂತರು. ಅಂಥ ಕೆಲಸ ಯಾಕೆ ಬಿಟ್ಟಿರಿ ಎಂದು ಯಾರು ಕೇಳಿದರೂ “ಸಾಕಾತು” ಎಂಬ ಒಂದೇ ಮಾತು.

ಬ್ರೇಕ್ ಕೆಟ್ಟಿದೆ ಎಂದು ಗಾಡಿ ತಂದವರಿಗೂ ಮಾವ ಮೊದಲು ಬಾನೆಟ್ ಎತ್ತಿಸುತ್ತಿದ್ದರು. ಒಂದೊಂದು ವೈರು, ಒಂದೊಂದು ಪೈಪಿನ ಅಡಿಗೂ ಹೆಬ್ಬೆರಳು ಹಾಯಿಸುತ್ತಿದ್ದರು. “ಕಣ್ಣು ಮ್ಯಾಲಷ್ಟ ನೋಡತೈತಿ. ಸವೆಯೋದು ಕೆಳಗ” ಎನ್ನುತ್ತಿದ್ದರು. ವೈರು ಬಿಗಿಯಲು ಎಲ್ಲರೂ ಬಳಸುವ ಕರಿ ಪ್ಲಾಸ್ಟಿಕ್ ಪಟ್ಟಿ ಕಂಡರಂತೂ ಮುಗಿಯಿತು, ಕಟಿಂಗ್ ಪ್ಲೇಯರ್ ಕೈಗೆ ಬರುತ್ತಿತ್ತು. ಪಟ್ಟಿಯ ಅಡಿಯಲ್ಲಿ ಧೂಳು ಸೇರುತ್ತದೆ, ಎಂಜಿನ್ ನಡುಗುತ್ತದೆ, ಆ ಮೆತ್ತನೆಯ ಪ್ಲಾಸ್ಟಿಕ್ಕೇ ಅರದ ಹಾಗೆ ಪೈಪನ್ನು ಉಜ್ಜಿ ತಿನ್ನುತ್ತದೆ ಎಂಬುದು ಅವರ ವಾದ. ಅದರ ಬದಲು ತಗಡಿನ ಕ್ಲಿಪ್ಪಿಗೆ ಹಳೇ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಕೂರಿಸುತ್ತಿದ್ದರು. ವೈರಿಗೆ ಬೇರೆ ಕ್ಲಿಪ್ಪು, ಡೀಸೆಲ್ ಪೈಪಿಗೆ ಬೇರೆ ಕ್ಲಿಪ್ಪು. ಅರ್ಧ ದಿನ ಕಾದು ಬೇಸತ್ತ ಗಿರಾಕಿಯೊಬ್ಬ, “ಟ್ರ್ಯಾಕ್ಟರ್ ಏನು ಆಕಾಶಕ್ಕ ಹಾರತೈತೇನ್ರಿ?” ಎಂದು ರೇಗಿಸಿದ್ದ. “ಹಾರಂಗಿಲ್ಲಪ್ಪ. ನಡುಗತೈತಲ್ಲ?” ಎಂದು ಮಾವ ಮತ್ತೆ ಬಗ್ಗಿದರು.

ಈ ಗೀಳು ಶೆಡ್ಡಿಗಷ್ಟೇ ಸೀಮಿತವಾಗಿರಲಿಲ್ಲ. ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಮುತ್ತೈದೆಯರೆಲ್ಲ ಆರತಿ ಹಿಡಿದು ನಿಂತಿದ್ದಾರೆ, ಮಾವ ಸ್ಟೂಲು ಹತ್ತಿ ಜಂತಿಯ ಕೊಂಡಿಗೂ ಹಗ್ಗಕ್ಕೂ ನಡುವೆ ಹಳೇ ಪಂಚೆಯ ತುಂಡು ಸುತ್ತುತ್ತಿದ್ದಾರೆ. ಅವ್ವ ತಲೆ ಚಚ್ಚಿಕೊಂಡಳು. ನನಗೂ ನಾಚಿಕೆಯಾಗಿತ್ತು. ಆ ಹೊತ್ತಿಗೆ ಮಾವನ ಪ್ರೀತಿ ನನಗೆ ಬರೀ ಕಿರಿಕಿರಿಯಾಗಿ ಕಾಣುತ್ತಿತ್ತು.

ನಾನು ನಮ್ಮ ತಾಲೂಕಿನದೇ ಅರಸೀಕೆರೆಯಲ್ಲಿ ಶಾಲಾ ಶಿಕ್ಷಕಿ. ನನ್ನ ಅಣ್ಣ ಉಚ್ಚಂಗಿದುರ್ಗದ ಕಡೆಗೆ ಜೀಪು ಓಡಿಸುತ್ತಿದ್ದ, ನಾನೂ ಅದರಲ್ಲೇ ಹೋಗಿಬರುತ್ತಿದ್ದೆ. ಸೋಮವಾರ ಬೆಳಿಗ್ಗೆ ಮಾವ ಹೆಬ್ಬೆರಳು ಹಾಯಿಸಿ “ಹೊಂಡ್ರಿ” ಎನ್ನದೆ ಜೀಪು ಕದಲುತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ನೋಡಿ ನೋಡಿ ನನ್ನ ಕೈಗೂ ಆ ಚಾಳಿ ಅಂಟಿತ್ತು.

ಎರಡು ಸಾವಿರದ ಇಸವಿಯ ಆಚೀಚಿನ ಒಂದು ಸೋಮವಾರ. ಜನ ಆಗಲೇ ಜೀಪಿನಲ್ಲಿ ಕೂತಿದ್ದರು. ಮಾವ “ಎಲ್ಲಾ ಸರಿ ಐತಿ, ಹೊಂಡ್ರಿ” ಎಂದರು. ನನ್ನ ಮೂಗಿಗೆ ಡೀಸೆಲ್ ವಾಸನೆ ಬಡಿಯಿತು. ತೆರೆದೇ ಇದ್ದ ಬಾನೆಟ್ಟಿನೊಳಗೆ ಸುಮ್ಮನೆ ಕೈ ಹಾಕಿದೆ. ಪೈಪಿನ ಕೆಳಗೆ, ಅದಕ್ಕೆ ತಾಗಿದ್ದ ಕಬ್ಬಿಣದ ಅಂಚಿನ ಹತ್ತಿರ, ಬೆರಳು ಹಳ್ಳಕ್ಕೆ ಇಳಿಯಿತು. ಒದ್ದೆಯಾಗಿತ್ತು.

“ಮಾವಾ, ಇಲ್ಲಿ ನೋಡ್ರಿ.”

ಅವರು ಮತ್ತೆ ಬೆರಳು ಹಾಯಿಸಿದರು. “ಎಲ್ಲಿ?”

ಅವರ ಹೆಬ್ಬೆರಳನ್ನೇ ಹಿಡಿದು ಆ ಹಳ್ಳದಲ್ಲಿ ಇಟ್ಟೆ. ಮಾವ ನನ್ನ ಮುಖ ನೋಡಿದರು. “ಏನೂ ತಿಳಿವಲ್ದವ್ವ” ಎಂದರು ಮೆಲ್ಲಗೆ.

ಸಕ್ಕರೆ ಕಾಯಿಲೆ ಅವರ ಬೆರಳಿನ ಸ್ಪರ್ಶವನ್ನು ಯಾವಾಗಲೋ ತಿಂದುಹಾಕಿತ್ತು. ನಮಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತೋ, ಗೊತ್ತಿದ್ದೂ ಒಪ್ಪಿಕೊಂಡಿರಲಿಲ್ಲವೋ, ನಾನು ಕೇಳಲಿಲ್ಲ. ಅಣ್ಣ ಜನರನ್ನು ಬೇರೆ ಗಾಡಿಗೆ ಹತ್ತಿಸಿದ. ಅಷ್ಟು ಮಂದಿಯ ಎದುರಿಗೆ ಮಾವನ ಕೈ ಹಿಡಿದು ತೋರಿಸಿಬಿಟ್ಟೆನಲ್ಲ ಎಂದು ನನಗೆ ಅಳು ಬಂತು. ನಾನು ಅಂದು ಶಾಲೆಗೆ ಹೋಗಲಿಲ್ಲ, ಅವರ ಪಕ್ಕದಲ್ಲೇ ಕೂತೆ.

ಆಗ ಅವರು ಹೇಳಿದರು. ವಿಮಾನದ ಶಾಲೆಯಲ್ಲಿ ಒಂದು ದಿನ ರಬ್ಬರಿನ ಕ್ಲಿಪ್ಪು ಖಾಲಿಯಾಗಿತ್ತಂತೆ. ಜೋತಾಡುತ್ತಿದ್ದ ವೈರನ್ನು ಇವರು ಪ್ಲಾಸ್ಟಿಕ್ ಪಟ್ಟಿಯಿಂದ ಪೆಟ್ರೋಲ್ ಪೈಪಿಗೇ ಬಿಗಿದರಂತೆ.

“ಇವತ್ತಿಗಷ್ಟ ಅಂತ ಕಟ್ಟಿದೆ ಕಣವ್ವ. ನಾಳೆ ಬಿಚ್ಚತೀನಿ ಅಂದೆ. ಮರತೆ. ಕಲಿಯೋಕ ಬಂದ ಹುಡುಗ ಮ್ಯಾಲ ಹೋಗಿದ್ದ, ಎಂಜಿನ್ನಿಗೆ ಬೆಂಕಿ ಹತ್ತಿತು. ಹೆಂಗೋ ಇಳಿಸಿದ. ಬದುಕ್ಯಾನ. ಆದ್ರ ಕೈ ಎರಡೂ ಸುಟ್ಟಿದ್ವು, ಮತ್ತ ಹಾರಲಿಲ್ಲ. ಕಟ್ಟಿದಾವ ನಾನ ಅಂತ ಹೇಳಿ ಬಂದುಬಿಟ್ಟೆ.”

“ಎಲ್ಲಾರ ಮುಂದ ತೋರಿಸಬಾರದಿತ್ತು ಮಾವಾ. ತಪ್ಪಾತು” ಎಂದೆ.

“ಹುಚ್ಚಿ. ಅವತ್ತು ಹಿಂಗ ಯಾರರ ನನ್ನ ಕೈ ಹಿಡದು ತೋರಿಸಿದ್ರ...” ಎಂದರು.

ಮರುದಿನದಿಂದ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಸೋಮವಾರಗಳಂದು ಮಾತ್ರ ಅಣ್ಣನ ಜೀಪಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ನಾನು ಬಗ್ಗಿ ಕೈ ಹಾಯಿಸಿ “ಸರಿ ಐತಿ ಮಾವಾ” ಎಂದ ಮೇಲೆ “ಇನ್ನೊಮ್ಮೆ” ಎನ್ನುತ್ತಿದ್ದರು. ಇನ್ನೊಮ್ಮೆ ಹಾಯಿಸುತ್ತಿದ್ದೆ.

ವರ್ಷ ತುಂಬುವ ಮೊದಲೇ, ಒಂದು ಮಧ್ಯಾಹ್ನ, ಊಟಕ್ಕೆ ಕರೆದರೆ ಏಳಲಿಲ್ಲ.

ನಮ್ಮಲ್ಲಿ ತೀರಿಹೋದವರನ್ನು ಕೂರಿಸಿಯೇ ಮಣ್ಣಿಗೆ ಒಯ್ಯುತ್ತಾರೆ. ಪಡಸಾಲೆಯಲ್ಲಿ ಗೋಡೆಗೆ ಆನಿಸಿ, ವಿಭೂತಿ ಹಚ್ಚಿ, ಜಾರದಂತೆ ಎದೆಗೆ ಹಗ್ಗ ಹಾಯಿಸಿ ಕೂರಿಸಿದ್ದರು. ಹೊರಗೆ ಭಜನೆಯವರು ಬಂದಾಗಿತ್ತು. ಹಿರಿಯರು ಹೊತ್ತಾಯಿತು ಎನ್ನುತ್ತಿದ್ದರು. ನಾನು ಒಳಗೆ ಹೋಗಿ ಹಳೇ ಪಂಚೆಯೊಂದನ್ನು ಹರಿದು ತಂದೆ.

“ಏನ್ ಮಾಡಾಕತ್ತಿಯವ್ವ, ಎಲ್ಲಾ ಬಿಗಿಯಾಗೈತಿ” ಎಂದರು ಯಾರೋ.

ಹಗ್ಗ ಸಡಿಲಿಸಿ, ಆ ತುಂಡನ್ನು ಮಡಿಸಿ ಅದರ ಅಡಿಗೆ ಇಟ್ಟೆ. ಮತ್ತೆ ಬಿಗಿಸಿದೆ. ಹೆಬ್ಬೆರಳು ಹಾಯಿಸಿದೆ. ಇನ್ನೊಮ್ಮೆ ಹಾಯಿಸಿದೆ.

“ಸರಿ ಐತಿ ಮಾವಾ, ಹೊಂಡ್ರಿ” ಎಂದೆ.