ದೇಸೂರಿನವರೆಗೆ ಆಡಿಟಿಂಗ್

ಬಂಡೆಪ್ಪ ಸಿ.ಎ. ಪರೀಕ್ಷೆಯಲ್ಲಿ ಎರಡು ಸಲ ಮುಗ್ಗರಿಸಿದ್ದಕ್ಕೆ ಅರ್ಧ ತಪ್ಪು ನನ್ನದು. ಓದಿನ ವೇಳಾಪಟ್ಟಿ ಹಾಕಿಕೊಟ್ಟವನು ನಾನೇ.

ಬೆಳಗಾವಿಯ ಒಬ್ಬ ಆಡಿಟರ ಕಚೇರಿಯಲ್ಲಿ ಇಬ್ಬರೂ ಕೆಲಸ ಕಲಿಯುತ್ತಿದ್ದೆವು. ಅವನು ಪಾರಿಶ್ವಾಡದ ಕುರಿ ಕಾಯುವವರ ಮಗ. ಖಾನಾಪುರದಲ್ಲಿ ಬಾಡಿಗೆ ಕೋಣೆ, ದಿನಾ ಮುಕ್ಕಾಲು ತಾಸು ರೈಲು. ಆ ಹೊತ್ತು ಹಾಳಾಗುತ್ತದೆಂದು ನಾನು ಜಾಣತನ ತೋರಿಸಿದೆ: ಬೆಳಿಗ್ಗೆ ಖಾನಾಪುರದಿಂದ ದೇಸೂರಿನವರೆಗೆ ಆಡಿಟಿಂಗ್, ಅಲ್ಲಿಂದ ಬೆಳಗಾವಿಗೆ ಕಾನೂನು, ಸಂಜೆ ವಾಪಸು ಬರುವಾಗ ಕಾಸ್ಟಿಂಗ್. ಬಂಡೆಪ್ಪ ಒಂದು ದಿನವೂ ತಪ್ಪಿಸಲಿಲ್ಲ. ದೇಸೂರು ಬಂತೆಂದರೆ ವಾಕ್ಯದ ನಡುವೆಯೇ ಪುಸ್ತಕ ಮುಚ್ಚುತ್ತಿದ್ದ, ಪುಣ್ಯಾತ್ಮ.

ಅದೇ ಮುಳುವಾಯಿತು. ಪತ್ರಿಕೆ ಮೂರು ತಾಸಿನದು. ಮುಕ್ಕಾಲು ತಾಸಾಗುತ್ತಲೇ ಇವನ ಮೈಮನಸ್ಸು ಇಳಿಯಲು ಎದ್ದು ನಿಲ್ಲುತ್ತಿತ್ತು. ಎರಡು ಸಲವೂ ಅರ್ಧ ಬರೆದು ಹೊರಗೆ ಬಂದ.

"ಎಲ್ಲಾ ಬರತೈತಿ ಮಾರಾಯಾ, ಕುಂದರಾಕ ಆಗವಲ್ದು," ಎಂದ.

1983ರ ಮೇ ತಿಂಗಳ ಪರೀಕ್ಷೆಯೇ ಕೊನೆಯದು. ಈ ಸಲ ತಪ್ಪಿದರೆ ಕುರಿಗಳ ಹಿಂದೆ ಬರಬೇಕೆಂದು ಅವನ ಕಾಕಾ ಭರಮಣ್ಣ ಖಡಾಖಂಡಿತವಾಗಿ ಹೇಳಿದ್ದ. ಹೊಸ ಪಟ್ಟಿ ಹಾಕಲು ನನಗೆ ಧೈರ್ಯ ಸಾಲಲಿಲ್ಲ. ಅವನ ತಾಯಿ ರೇಣವ್ವ ಹಾಕಿದಳು.

"ಐತವಾರ ಅಡವಿಗೆ ಬಾ. ಪುಸ್ತಕ ಹಿಡಕೊಂಡು ಕುಂದರು. ಕುರಿ ನೆರಳಿಗೆ ಬರೂತನಕ ನಾ ಏಳು ಅನ್ನಂಗಿಲ್ಲ, ನೀ ಏಳಂಗಿಲ್ಲ."

ಬೆಳಿಗ್ಗೆ ಮೇಯಲು ಬಿಟ್ಟ ಕುರಿ ಬಿಸಿಲೇರಿ ಮರದಡಿ ಸೇರಲು ಮೂರು ತಾಸಿಗೆ ಕಡಿಮೆಯಿಲ್ಲ. ಅಕ್ಷರ ಬಾರದ ರೇಣವ್ವ ಎದುರಿಗೇ ಕೂತು, ಮಗನ ಕಾಲು ಅಲ್ಲಾಡಿದರೂ ಕೋಲು ತೋರಿಸುತ್ತಿದ್ದಳಂತೆ. ಹೀಗೆ ಹದಿನಾಲ್ಕು ಐತವಾರ.

ಆ ಪರೀಕ್ಷೆಗೆ ನಾನೂ ಕೂತಿದ್ದೆ, ಅವನ ಹಿಂದಿನ ಬೆಂಚಿನಲ್ಲಿ. ಮುಕ್ಕಾಲು ತಾಸು ಕಳೆಯಿತು. ಬಂಡೆಪ್ಪ ಪೆನ್ನಿಗೆ ಟೊಪ್ಪಿಗೆ ಹಾಕಿದ. ಅರ್ಧ ಎದ್ದ. ಅಂಗಿ ಹಿಡಿದು ಕೂರಿಸಬೇಕೆನಿಸಿತು ನನಗೆ. ಮೇಲ್ವಿಚಾರಕರು ಅವನತ್ತ ತಿರುಗಿದರು. ಅವನು ಕಿಟಕಿಯಾಚೆ ಮರದ ನೆರಳು ನೋಡಿದ, ಕೂತ, ಟೊಪ್ಪಿಗೆ ತೆಗೆದ. ಆಮೇಲೆ ಗಂಟೆ ಬಾರಿಸುವವರೆಗೂ ತಲೆ ಎತ್ತಲಿಲ್ಲ.

ಹೊರಗೆ ಬಂದಾಗ ಅವನ ಅಂಗಿ ಬೆವರಿನಿಂದ ತೊಯ್ದಿತ್ತು.

"ಯಾಕೋ ಎದ್ದಿ?" ಎಂದೆ ಸಿಟ್ಟಿನಿಂದ.

"ಎದ್ದಿದ್ದು ಖರೇ. ಅವ್ವ ಇನ್ನಾ ಏಳು ಅಂದಿರಲಿಲ್ಲ."

ಬಂಡೆಪ್ಪ ಪಾಸಾದ. ನಾನು ನಾಪಾಸು. ಇವನು ಎಲ್ಲಿ ಎದ್ದಾನೋ ಎಂದು ಹಿಂದಿನಿಂದ ಕಾಯುತ್ತ ಕೂತವನಿಗೆ ಎರಡು ಪ್ರಶ್ನೆ ಬಿಟ್ಟುಹೋಗಿದ್ದವು.

ಮುಂದಿನ ಐತವಾರ ಪುಸ್ತಕ ಕಟ್ಟಿಕೊಂಡು ಪಾರಿಶ್ವಾಡಕ್ಕೆ ಹೋದೆ. ರೇಣವ್ವ ಮಗ ಕೂರುತ್ತಿದ್ದ ಕಲ್ಲಿನ ಧೂಳು ಸೆರಗಿನಿಂದ ಒರೆಸಿದಳು.

"ಕುಂದರು," ಎಂದಳು.