ಸಮುದ್ರವಿಲ್ಲದ ಊರಿಗೊಂದು ಅಲೆ

ಒಂದೂರಿತ್ತಂತೆ. ಅಲ್ಲಿ ಕೆರೆಯಿತ್ತು, ಹಿಪ್ಪುನೇರಳೆ ತೋಟಗಳಿದ್ದವು, ರೇಷ್ಮೆಗೂಡಿನ ಸಂತೆಯಿತ್ತು. ಸಮುದ್ರ ಮಾತ್ರ ಇರಲಿಲ್ಲ. ಆ ಊರಿನ ಟೀಚರಮ್ಮ ಒಬ್ಬರು ಶಾಲೆಯ ಮಕ್ಕಳಿಗೆ "ಒಂದಿನ ಸಮುದ್ರ ತೋರಿಸ್ತೀನಿ" ಎಂದು ಮಾತು ಕೊಟ್ಟರು. ಆ ಪ್ರವಾಸ ಹೊರಡಲೇ ಇಲ್ಲ. ನಿವೃತ್ತಿಯಾದ ಮೇಲೆ ಅವರು ಕೆರೆ ಏರಿಯ ಪಾರ್ಕಿಗೆ ತಮ್ಮ ಖರ್ಚಿನಲ್ಲಿ ಕಾರಂಜಿಯೊಂದನ್ನು ಕಟ್ಟಿಸಿಕೊಟ್ಟರು. ನಡುವಿನ ದೊಡ್ಡ ಚಿಲುಮೆಗೆ 'ಅಲೆ' ಎಂದು ಹೆಸರಿಟ್ಟರು.

ಅಜ್ಜಿ ಹೇಳುವ ಕಥೆಗಳು ಇಲ್ಲಿಗೆ ಮುಗಿಯುತ್ತವೆ. ಅರಮನೆಯ ಕಸ ಗುಡಿಸುವವರು ಯಾರೆಂದು ಅವುಗಳಲ್ಲಿ ಯಾರೂ ಕೇಳುವುದಿಲ್ಲ. ಈ ಕಥೆಯಲ್ಲಿ ಗುಡಿಸುವವರ ಹೆಸರು ಗಂಗುಲಮ್ಮ.

ಶಿಡ್ಲಘಟ್ಟದಲ್ಲಿ ಭಾನುವಾರದ ಬೆಳಕು ಈಗಷ್ಟೇ ಹರಿಯುತ್ತಿದೆ. ಸೀರೆ ಎತ್ತಿ ಕಟ್ಟಿ, ಕಾರಂಜಿ ತೊಟ್ಟಿಯ ಮೊಣಕಾಲುದ್ದ ನೀರಿನಲ್ಲಿ ನಿಂತ ಗಂಗುಲಮ್ಮ, ಬಕೆಟ್ಟಿನ ಹುಣಸೆಹುಳಿಯಲ್ಲಿ ನೆನೆದಿದ್ದ ಹಿತ್ತಾಳೆಯ ಮೂತಿಯನ್ನು ಎತ್ತಿ ಆಕಾಶಕ್ಕೆ ಹಿಡಿದು ನೋಡುತ್ತಾರೆ. ಅದು 'ಅಲೆ'ಯ ನೀರು ಚಿಮ್ಮುವ ಮೂತಿ. ಯುಗಾದಿಯಿಂದೀಚೆಗೆ ಅದರಿಂದ ಹನಿ ನೀರೂ ಎದ್ದಿಲ್ಲ. ಮೋಟಾರು ಹಾಕಿದಾಗ ಸುತ್ತಲಿನ ಪುಟ್ಟ ಚಿಲುಮೆಗಳು ಮಾತ್ರ ಆಡುತ್ತವೆ.

ಇಂದು ಟೀಚರಮ್ಮ ಬರುತ್ತಿದ್ದಾರೆ. ಚಿಂತಾಮಣಿಯಲ್ಲಿ ಮಗಳ ಜೊತೆಗಿರುವ ವೆಂಕಟರತ್ನಮ್ಮನವರಿಗೆ ಕಣ್ಣಿನ ಪೊರೆ ತೆಗೆಸಿ ಕಟ್ಟು ಬಿಚ್ಚಿದ್ದಾರೆ. "ಮೊದಲು ನನ್ನ ಅಲೆ ನೋಡ್ಬೇಕು" ಎಂದು ಅವರು ಫೋನು ಮಾಡಿದಾಗ, "ಬನ್ನಿ ಮಿಸ್, ಎದ್ದಿರತ್ತೆ" ಎಂದುಬಿಟ್ಟಿದ್ದಾರೆ ಗಂಗುಲಮ್ಮ.

"ಎದ್ದಿರತ್ತೆ ಅಂದ್ಬಿಟ್ಟು ಈಗ ಹುಳಿ ಕಲಸ್ತಾ ಕೂತವ್ಳೆ," ಎಂದು ಮೋಟಾರಿನ ಸ್ವಿಚ್ಚಿನ ಬಳಿಯಿಂದ ಕಾವಲುಗಾರ ಮುನಿಶಾಮಪ್ಪ ರೇಗಿಸುತ್ತಾರೆ. "ಸಾರಿಗೆ ಬೇಳೆ ತರ್ಲಾ?"

"ತಗೊಂಬಾ ಅಣ್ಣಾ. ನಿನ್ನ ನಾಲಿಗೇನೂ ಇದರಲ್ಲೇ ನೆನೆಸ್ತೀನಿ, ತೊಳ್ದಂಗಾಗತ್ತೆ."

ಗಂಗುಲಮ್ಮ ಆ ಟೀಚರಮ್ಮನ ಶಾಲೆಯಲ್ಲೇ ಕಲಿತವರು, ಸಮುದ್ರಕ್ಕೆ ಹೊರಡಬೇಕಿದ್ದ ಮಕ್ಕಳಲ್ಲಿ ಒಬ್ಬರು. ಅಪ್ಪ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟು ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋದರು. ಕುದಿನೀರಿಗೆ ಬೆರಳ ತುದಿಗಳು ಬೆಂದು ಬಿಳಿಚಿದವು. ಆ ಘಟಕ ಮುಚ್ಚಿದ ಮೇಲೆ ಪಾರ್ಕಿನ ಕೆಲಸ ಸಿಕ್ಕಿತು. "ಅಲ್ಲಿ ಬಿಸಿನೀರು, ಇಲ್ಲಿ ತಣ್ಣೀರು. ಪ್ರಮೋಷನ್ ಅಲ್ವಾ?" ಎಂದು ನಗುತ್ತಾರೆ.

ಅಲೆ ನಿಂತದ್ದು ಅರ್ಧ ಬೋರ್‌ವೆಲ್ಲಿನ ಗಡಸು ನೀರಿನಿಂದ, ಅರ್ಧ ಭಕ್ತಿಯಿಂದ. ಸುತ್ತಲಿನ ಬಾವಿಗಳು ಮುಚ್ಚಿಹೋಗಿರುವುದರಿಂದ ಬಾಣಂತಿಯರು ಗಂಗೆಪೂಜೆಗೆ ಇಲ್ಲಿಗೇ ಬರುತ್ತಾರೆ. ಎಲ್ಲಕ್ಕಿಂತ ಎತ್ತರದ ಚಿಲುಮೆಯೇ ಗಂಗಮ್ಮ ಎಂದು ಅದರ ಮೂತಿಗೆ ಅರಿಶಿನ ಮೆತ್ತಿ, ಅಕ್ಷತೆ ಹಾಕುತ್ತಾರೆ. "ಬೇಡ ಅನ್ನಕ್ಕಾಗತ್ತಾ? ಹಸುಗೂಸು ಎತ್ಕೊಂಡು ಬಂದಿರ್ತಾರೆ. 'ಬಾಯಿಗೆ ಬೇಡ ಕಣಮ್ಮ, ಪಾದಕ್ಕಿಡು, ತಾಯಿ ಉಸಿರಾಡ್ಲಿ' ಅಂತೀನಿ. ಹೂಂ ಅಂತಾರೆ. ನಾನು ಈ ಕಡೆ ತಿರುಗಿದ್ರೆ ಬಾಯಿಗೇ!" ಎನ್ನುತ್ತಾರೆ ಗಂಗುಲಮ್ಮ.

ಕೊನೆಗೆ ಅವರೇ ಒಂದು ಗುಂಡುಕಲ್ಲು ತಂದು, ಅರಿಶಿನ ಹಚ್ಚಿ ತೊಟ್ಟಿಯ ಅಂಚಿಗೆ ಕೂರಿಸಿದ್ದಾರೆ. ಈಗ ಪೂಜೆಯೆಲ್ಲ ಆ ಕಲ್ಲಿಗೇ.

ಹುಳಿಗೆ ಕರಗದೆ ಒಂದು ತೂತಿನಲ್ಲಿ ಅಕ್ಕಿಕಾಳು ಉಳಿದಿದೆ. ತಂತಿ ಹಾಕಿದರೆ ತೂತು ಹಿಗ್ಗಿ ನೀರು ಓರೆಯಾಗುತ್ತದೆ. ಗಂಗುಲಮ್ಮ ಸೆರಗಿನ ಗಂಟಿನಿಂದ ರೇಷ್ಮೆ ಎಳೆ ತೆಗೆದು, ಹೊಸೆದು, ಮೇಣ ಸವರಿ ತೂರಿಸುತ್ತಾರೆ. ನೂಲು ತೆಗೆಯುವಾಗ ಎಳೆ ಹಾಯುವ ಪಿಂಗಾಣಿ ಗುಂಡಿಯ ಕಣ್ಣು ಕಟ್ಟಿಕೊಂಡರೆ ಹೀಗೇ ಬಿಡಿಸುತ್ತಿದ್ದರಂತೆ. ಎಳೆ ಹಿಂದೆ ಮುಂದೆ ಆಡುತ್ತದೆ. ಅಕ್ಕಿಕಾಳು ನುಚ್ಚಾಗಿ ಅಂಗೈಗೆ ಬೀಳುತ್ತದೆ.

ಅಷ್ಟರಲ್ಲಿ ಗೇಟಿನ ಬಳಿ ಆಟೋ ನಿಲ್ಲುತ್ತದೆ. ಕಪ್ಪು ಕನ್ನಡಕದ ವೆಂಕಟರತ್ನಮ್ಮ ಮಗಳ ಕೈಹಿಡಿದು ನೇರ ತೊಟ್ಟಿಯ ಅಂಚಿಗೇ ಬರುತ್ತಾರೆ.

"ಎಲ್ಲೇ ಗಂಗುಲೂ ನನ್ನ ಅಲೆ? ಹೋಂವರ್ಕ್ ಆಗಿಲ್ವಾ ಇನ್ನೂ?"

"ಆಯ್ತು ಮಿಸ್, ಆಯ್ತು!" ಮೂತಿಯನ್ನು ತಿರುಗಿಸಿ ಬಿಗಿಮಾಡುತ್ತಾ ಗಂಗುಲಮ್ಮ ಕೂಗುತ್ತಾರೆ: "ಅಣ್ಣಾ, ಒತ್ತು!"

ಮೋಟಾರು ಗೊರಗುಟ್ಟುತ್ತದೆ. ಮೂತಿ ಒಮ್ಮೆ ಕೆಮ್ಮಿ, ಹಳದಿ ನೀರು ಉಗುಳಿ ಸುಮ್ಮನಾಗುತ್ತದೆ. ಗಂಗುಲಮ್ಮ ಬಗ್ಗಿ, ಮನೆಯ ತೆಲುಗಿನಲ್ಲಿ ತಾಯಿಯನ್ನು ಬಾ ಎಂದು ಮೆಲ್ಲಗೆ ಕರೆಯುತ್ತಾರೆ: "ರಾ ತಲ್ಲೀ, ರಾ."

ಅಲೆ ಏಳುತ್ತದೆ. ಬೇವಿನ ಕೊಂಬೆಯೆತ್ತರಕ್ಕೆ ನೆಟ್ಟಗೆ ಎದ್ದು, ಕೆರೆ ಗಾಳಿಗೆ ಬಾಗಿ, ಟೀಚರಮ್ಮನ ತಲೆಯ ಮೇಲೆಯೇ ಸುರಿಯುತ್ತದೆ. ಮಗಳು "ಕಣ್ಣು, ಅಮ್ಮಾ, ಕಣ್ಣು!" ಎಂದು ಸೆರಗು ಅಡ್ಡ ಹಿಡಿದು ಹಿಂದೆಳೆಯುತ್ತಾಳೆ. ವೆಂಕಟರತ್ನಮ್ಮ ಕದಲುವುದಿಲ್ಲ.

"ಸೀರೆ ಪೂರ್ತಿ ನೆನೀತಲ್ಲೇ," ಎನ್ನುತ್ತಾರೆ ಅವರು ನಗುತ್ತಾ.

ಸೊಂಟದವರೆಗೆ ಒದ್ದೆಯಾದ ಗಂಗುಲಮ್ಮ ಕಣ್ಣೊರೆಸಿಕೊಳ್ಳುತ್ತಾರೆ. "ಸಮುದ್ರಕ್ಕೆ ಬಂದ್ಮೇಲೆ ನೆನೀದೆ ಇರತ್ತಾ, ಮಿಸ್?"